ಮುಳುಗು ಜೀರುಂಡೆಯನ್ನು ಅದರ ಉಸಿರಿನಿಂದ ಗುರುತಿಸುವ ಬಗೆ

ಕೆರೆಯ ದಂಡೆಯಲ್ಲಿ ಕುಳಿತು ಕಾಲು ಗಂಟೆ ಅಲುಗಾಡದೆ ನೀರನ್ನೇ ನೋಡುತ್ತಿದ್ದರೆ, ಪಾಚಿಯ ಸಂದಿನಿಂದ ಕಪ್ಪು ಹುಳವೊಂದು ಮೇಲೆದ್ದು ಬಂದು, ತಲೆಯನ್ನು ಕೆಳಗೆ ಮಾಡಿ, ಹಿಂಬದಿಯ ತುದಿಯನ್ನಷ್ಟೇ ನೀರಿನ ಮೇಲ್ಮೈಗೆ ತಾಗಿಸಿ, ಎರಡು ಮೂರು ಕ್ಷಣ ಹಾಗೆಯೇ ತೂಗಾಡಿ, ಮತ್ತೆ ತಳಕ್ಕೆ ಇಳಿಯುವುದು ಕಾಣುತ್ತದೆ. ದನಕ್ಕೆ ನೀರು ಕುಡಿಸಲು ಬಂದವರಾಗಲಿ ಬಟ್ಟೆ ಒಗೆಯಲು ಬಂದವರಾಗಲಿ ಗಮನಿಸದ ಈ ಸಣ್ಣ ಚಲನೆಯೇ ಆ ಹುಳ ಯಾವ ಕುಟುಂಬದ್ದೆಂದು ಹೇಳಿಬಿಡುತ್ತದೆ. ಅದು ಮುಳುಗು ಜೀರುಂಡೆ. ವಿಜ್ಞಾನದಲ್ಲಿ ಡೈಟಿಸಿಡೇ ಎಂದು ಕರೆಯುವ ಕುಟುಂಬಕ್ಕೆ ಸೇರಿದ್ದು. ನಮ್ಮ ಊರುಗಳಲ್ಲಿ ಇದನ್ನೂ ಇದರ ಜೊತೆಗಿರುವ ಹತ್ತಾರು ಬಗೆಯ ಜೀವಿಗಳನ್ನೂ ಒಟ್ಟಾಗಿ ನೀರಹುಳ ಎಂದೇ ಕರೆಯುತ್ತಾರೆ.

ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತುಗಳನ್ನೂ ರಾಜಹಂಸಗಳನ್ನೂ ನೋಡಲು ದೂರದೂರದಿಂದ ಜನ ದುರ್ಬೀನು ಹಿಡಿದು ಬರುತ್ತಾರೆ. ಅದೇ ದಂಡೆಯಲ್ಲಿ, ಅವರ ಕಾಲ ಬುಡದಲ್ಲೇ ಇರುವ ಜೀರುಂಡೆಗಳನ್ನು ಬಗ್ಗಿ ನೋಡುವವರು ಬಹಳ ಕಡಿಮೆ. ಬಾಗಲಕೋಟೆ ಮತ್ತು ವಿಜಯಪುರ ಸೀಮೆಯ ಕೆರೆ, ಹಳ್ಳ, ಹೊಂಡಗಳಲ್ಲಿ ಈ ಹುಳಗಳನ್ನು ನೋಡುತ್ತ ನಾನು ಕಂಡುಕೊಂಡ ಕ್ರಮವನ್ನು ಶಾಲೆಯ ಮಕ್ಕಳಿಗೆ, ಅವರ ಶಿಕ್ಷಕರಿಗೆ ಮತ್ತು ತಮ್ಮ ಹೊಲದ ನೀರಿನಲ್ಲಿ ಏನಿದೆ ಎಂದು ತಿಳಿಯಬಯಸುವ ರೈತರಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ. ಬಣ್ಣ ಮತ್ತು ಗಾತ್ರವನ್ನು ನೋಡಿ ಗುರುತಿಸಲು ಹೊರಟವರು ಮೊದಲ ದಿನವೇ ಗೊಂದಲಕ್ಕೆ ಬೀಳುತ್ತಾರೆ, ಏಕೆಂದರೆ ಬಲೆಯಲ್ಲಿ ಬಂದ ಹುಳಗಳಲ್ಲಿ ಹೆಚ್ಚಿನವು ಕಪ್ಪಗೆ, ದುಂಡಗೆ, ನುಣುಪಾಗಿಯೇ ಇರುತ್ತವೆ. ಉಸಿರಾಟದಿಂದ ಆರಂಭಿಸಿದವರಿಗೆ ಆ ತೊಂದರೆ ಇಲ್ಲ. ಜೊತೆಗೆ, ಹುಳವನ್ನು ಕೊಂದು ಸೂಜಿಗೆ ಚುಚ್ಚಿ ಇಡುವ ಅಗತ್ಯವೂ ಬೀಳುವುದಿಲ್ಲ. ಸತ್ತ ಹುಳ ಉಸಿರಾಡದು ಎಂಬ ಕಾರಣಕ್ಕೆ ಅದನ್ನು ಜೀವಂತವಾಗಿ ನೋಡಿ ಬಿಡಲೇಬೇಕಾಗುತ್ತದೆ.

ಮೊದಲು ತಿಳಿಯಬೇಕಾದದ್ದು ಇಷ್ಟು. ಬೆಳೆದ ಜೀರುಂಡೆಗೆ ಮೀನಿನಂತೆ ಕಿವಿರುಗಳಿಲ್ಲ. ನೆಲದ ಮೇಲಿನ ಜೀರುಂಡೆಗೆ ಇರುವಂತೆ ಅದರ ಮೈಯ ಪಕ್ಕಗಳಲ್ಲಿಯೂ ಉಸಿರುರಂಧ್ರಗಳಿವೆ, ಅವುಗಳಿಗೆ ಗಾಳಿಯೇ ಬೇಕು. ಹಾಗಾಗಿ ಅದು ನೀರಿನ ಮೇಲಕ್ಕೆ ಬಂದು ಗಾಳಿಯನ್ನು ತುಂಬಿಕೊಂಡು ಬುತ್ತಿಯಂತೆ ಕೆಳಗೆ ಒಯ್ಯುತ್ತದೆ. ಮುಳುಗು ಜೀರುಂಡೆ ಈ ಬುತ್ತಿಯನ್ನು ಬೆನ್ನಿನ ಮೇಲೆ, ಗಡಸಾದ ಮೇಲ್ರೆಕ್ಕೆಗಳ ಕೆಳಗಿನ ಪೊಳ್ಳಿನಲ್ಲಿ ಇಡುತ್ತದೆ. ಅಲ್ಲಿಗೆ ಗಾಳಿ ಹೋಗುವ ಬಾಗಿಲು ಹಿಂಬದಿಯ ತುದಿಯಲ್ಲಿದೆ. ಹಿಂದಿನಿಂದ ಮೇಲೇಳುವುದು ಅದಕ್ಕಾಗಿಯೇ. ಕೆಲವೊಮ್ಮೆ ಅದು ನೀರಿನೊಳಗೆ ನಿಂತಿದ್ದಾಗ ಹಿಂಬದಿಯ ತುದಿಯಲ್ಲಿ ಸಣ್ಣ ಗುಳ್ಳೆಯೊಂದನ್ನು ಹೊರಕ್ಕೆ ಚಾಚಿಕೊಂಡಿರುತ್ತದೆ. ಗುಳ್ಳೆಯೊಳಗಿನ ಆಮ್ಲಜನಕ ಕಡಿಮೆಯಾದಂತೆ ಸುತ್ತಲಿನ ನೀರಿನಲ್ಲಿ ಕರಗಿರುವ ಆಮ್ಲಜನಕವು ಗುಳ್ಳೆಯೊಳಕ್ಕೆ ನುಸುಳುತ್ತದೆ, ಆದ್ದರಿಂದ ಹುಳ ಮೇಲಿನಿಂದ ತಂದದ್ದಕ್ಕಿಂತ ಹೆಚ್ಚು ಗಾಳಿ ಅದಕ್ಕೆ ದಕ್ಕುತ್ತದೆ. ಆದರೆ ಗುಳ್ಳೆಯಲ್ಲಿರುವ ಸಾರಜನಕ ನಿಧಾನವಾಗಿ ನೀರಿಗೆ ಸೋರಿಹೋಗಿ ಗುಳ್ಳೆ ಕುಗ್ಗುತ್ತದೆ, ಆಗ ಹುಳ ಮತ್ತೆ ಮೇಲೆ ಬರಲೇಬೇಕು. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಮಾಡುವ ಪ್ರತಿಯೊಂದು ಕೆಲಸಕ್ಕೂ ಕಾರಣ ತಾನಾಗಿ ಹೊಳೆಯುತ್ತದೆ.

ಈ ಕುಟುಂಬದಲ್ಲಿ ಜಗತ್ತಿನಾದ್ಯಂತ 4,000ಕ್ಕೂ ಹೆಚ್ಚು ಪ್ರಭೇದಗಳಿವೆ. ಚಿಕ್ಕವು ಸಾಸಿವೆ ಕಾಳಿನಷ್ಟು, 2 ಮಿಲಿಮೀಟರಿನ ಸುತ್ತಮುತ್ತ ಇದ್ದರೆ, ದೊಡ್ಡವು ಹೆಬ್ಬೆರಳಿನ ಮೊದಲ ಗೆಣ್ಣಿಗಿಂತಲೂ ಉದ್ದವಿರುತ್ತವೆ.

ನಮ್ಮ ಭಾಗದಲ್ಲಿ ಮಳೆ ಕಡಿಮೆ; ವಿಜಯಪುರದ ಕಡೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರಿನ ಸುತ್ತ ಬೀಳುತ್ತದೆ. ಮುಂಗಾರಿನ ಮೊದಲ ಹದ ಮಳೆಗೆ ಎರೆ ಹೊಲದ ಒಡ್ಡಿನ ಹಿಂದೆ ನೀರು ನಿಂತ ಕೆಲವೇ ದಿನಗಳಲ್ಲಿ ಸಣ್ಣ ಜಾತಿಯ ಮುಳುಗು ಜೀರುಂಡೆಗಳು ಅಲ್ಲಿ ಕಾಣಿಸಿಕೊಳ್ಳುತ್ತವೆ. ಅವು ಎಲ್ಲಿಂದ ಬಂದವೆಂದು ಮಕ್ಕಳು ಕೇಳುತ್ತಾರೆ. ಅವು ಹಾರಿ ಬರುತ್ತವೆ; ನೀರಿನಲ್ಲಿ ಈಜುವ ಈ ಹುಳಗಳ ಮೇಲ್ರೆಕ್ಕೆಯ ಕೆಳಗೆ ಗಾಳಿಯ ಜೊತೆಗೆ ಮಡಿಚಿಟ್ಟ ಹಾರುರೆಕ್ಕೆಗಳೂ ಇವೆ, ಕತ್ತಲಾದ ಮೇಲೆ ಅವು ಬತ್ತುವ ನೀರನ್ನು ಬಿಟ್ಟು ಹೊಸ ನೀರನ್ನು ಹುಡುಕಿಕೊಂಡು ಹೋಗುತ್ತವೆ. ನೋಡಲು ಒಳ್ಳೆಯ ಕಾಲವೆಂದರೆ ಸೆಪ್ಟೆಂಬರಿನಿಂದ ನವೆಂಬರ್. ಆಗ ಕೆರೆಯಂಚಿನ ಕಳೆ ಚೆನ್ನಾಗಿ ಬೆಳೆದಿರುತ್ತದೆ, ರಾಡಿ ತಳಕ್ಕೆ ಕುಳಿತು ನೀರು ತಿಳಿಯಾಗಿರುತ್ತದೆ. ಫೆಬ್ರವರಿಯ ನಂತರ ಇನ್ನೊಂದು ಅವಕಾಶವಿದೆ: ತುಂಬಿದಾಗ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಲ್ಲುವ ಆಲಮಟ್ಟಿಯ ನೀರು ಹಿಂದಕ್ಕೆ ಸರಿದಂತೆ ಕೆಸರಿನ ಬಯಲಿನಲ್ಲಿ ಅಲ್ಲಲ್ಲಿ ತಗ್ಗುಗಳು ಉಳಿಯುತ್ತವೆ, ಹುಳಗಳು ಆ ತಗ್ಗುಗಳಲ್ಲಿ ಒತ್ತಾಗಿ ಸೇರುತ್ತವೆ.

ಜಾಗವನ್ನು ಆರಿಸುವಾಗ ಕೆರೆಯ ನಡುವನ್ನು ಮರೆತುಬಿಡಬೇಕು. ಮುಳುಗು ಜೀರುಂಡೆಗೆ ಮೇಲಕ್ಕೂ ಕೆಳಕ್ಕೂ ಓಡಾಡುವ ದಾರಿ ಚಿಕ್ಕದಿರಬೇಕು, ಹಿಡಿದು ನಿಲ್ಲಲು ಕಳೆಯಿರಬೇಕು, ಮೀನು ಕಡಿಮೆ ಇರಬೇಕು. ಪಾದ ಮುಳುಗುವಷ್ಟರಿಂದ ಮೊಣಕಾಲಿನವರೆಗಿನ ಅಂಚಿನ ನೀರಿನಲ್ಲಿ ಈ ಮೂರೂ ಸಿಗುತ್ತವೆ. ವಿಜಯಪುರದ ಭೂತನಾಳ ಕೆರೆಯಂಥ ದೊಡ್ಡ ಕೆರೆಗಳ ಹುಲ್ಲು ಬೆಳೆದ ಅಂಚು, ಘಟಪ್ರಭಾ ಮತ್ತು ಮಲಪ್ರಭಾ ಕಾಲುವೆಗಳಿಂದ ಸೋರಿ ನಿಂತ ಜೌಗು, ಹಳ್ಳದ ಬಾಂದಾರದ ಕೆಳಗಿನ ನಿಂತ ನೀರು ಇವೆಲ್ಲ ಒಳ್ಳೆಯ ಜಾಗಗಳು. 1651ರಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ ಬೇಗಂ ತಲಾಬಿನಂಥ ಹಳೆಯ ಕೆರೆಗಳಲ್ಲಿ ದಂಡೆಯಿಂದಲೇ ನೋಡಿ ಸುಮ್ಮನಾಗುವುದು ಸರಿ. ಸಂರಕ್ಷಿತ ಸ್ಮಾರಕಗಳ ನೀರಿಗೂ ಪಕ್ಷಿಧಾಮದ ನೀರಿಗೂ ಅನುಮತಿ ಇಲ್ಲದೆ ಬಲೆ ಇಳಿಸಬಾರದು.

ಕೃಷಿ ಹೊಂಡದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. 2014ರಿಂದ ಕೃಷಿ ಭಾಗ್ಯ ಯೋಜನೆಯಡಿ ತೋಡಿದ ಹೊಂಡಗಳಿಂದಾಗಿ, ಮೊದಲು ನೀರೇ ಕಾಣದಿದ್ದ ಹೊಲಗಳಲ್ಲಿ ಈಗ ತಿಂಗಳುಗಟ್ಟಲೆ ನೀರು ನಿಲ್ಲುತ್ತಿದೆ, ಜೀರುಂಡೆಗಳೂ ಅಲ್ಲಿಗೆ ಬರುತ್ತವೆ. ಆದರೆ ಹೊಂಡಕ್ಕೆ ಹಾಸಿದ ಕಪ್ಪು ಪಾಲಿಥಿನ್ ಹಾಳೆ ಪಾಚಿ ಹಿಡಿದು ಎಷ್ಟು ಜಾರುತ್ತದೆಂದರೆ, ಒಮ್ಮೆ ಒಳಕ್ಕೆ ಜಾರಿದವರು ಈಜು ಬಲ್ಲವರಾದರೂ ಹತ್ತಿ ಬರುವುದು ಕಷ್ಟ. ಅಂಥ ಹೊಂಡಕ್ಕೆ ಇಳಿಯಲೇಬಾರದು; ಮಕ್ಕಳನ್ನಂತೂ ಅದರ ತಂತಿ ಬೇಲಿಯ ಆಚೆಗೇ ನಿಲ್ಲಿಸಬೇಕು. ನೋಡಲೇಬೇಕೆಂದಿದ್ದರೆ ಬೇಲಿಯ ಹೊರಗಿನಿಂದ ದುರ್ಬೀನು ಹಿಡಿದು ಮೇಲ್ಮೈಯನ್ನು ನೋಡಬಹುದು, ತಿಳಿನೀರಿನಲ್ಲಿ ಹುಳ ಮೇಲೇಳುವುದು ಅಲ್ಲಿಂದಲೂ ಕಾಣುತ್ತದೆ. ನದಿ ಮತ್ತು ಹಿನ್ನೀರಿನ ಅಂಚಿನಲ್ಲಿ ಇನ್ನೊಂದು ಎಚ್ಚರ ಬೇಕು: ಕೃಷ್ಣೆಯಲ್ಲಿ ಮೊಸಳೆಗಳಿವೆ. ಊರಿನ ಮೀನುಗಾರರನ್ನೋ ದನಗಾಹಿಗಳನ್ನೋ ಕೇಳದೆ ಅಲ್ಲಿ ನೀರಿಗೆ ಕಾಲಿಡಬಾರದು. ಎರೆ ಮಣ್ಣಿನ ಕೆಸರು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಕೋಲಿನಿಂದ ಒತ್ತಿ ನೋಡಿ ಹೆಜ್ಜೆ ಇಡಬೇಕು, ಒಬ್ಬರೇ ಹೋಗಬಾರದು.

ಸಲಕರಣೆ ಹೆಚ್ಚೇನೂ ಬೇಡ. ಉದ್ದ ಹಿಡಿಯ ಒಂದು ಕೈಬಲೆ ಬೇಕು. ದಪ್ಪ ತಂತಿಯನ್ನು ಒಂದು ಬದಿ ಚಪ್ಪಟೆಯಾಗುವಂತೆ ಬಾಗಿಸಿ, ಅದಕ್ಕೆ ಸೊಳ್ಳೆಪರದೆಯ ಬಟ್ಟೆಯನ್ನು ಚೀಲದಂತೆ ಹೊಲಿದು, ಬಿದಿರಿನ ಕೋಲಿಗೆ ಬಿಗಿದರೆ ಸಾಕು. ಚಪ್ಪಟೆ ಬದಿ ಇದ್ದರೆ ಬಲೆ ತಳಕ್ಕೆ ಅಂಟಿಕೊಂಡು ಸಾಗುತ್ತದೆ. ಬಿಳಿಯ ಅಗಲ ತಟ್ಟೆ ಅಥವಾ ಪ್ಲಾಸ್ಟಿಕ್ ಪರಾತ, ಹುಳವನ್ನು ಎತ್ತಲು ಚಹಾ ಸೋಸುವ ಜರಡಿ, ಅಗಲ ಬಾಯಿಯ ಎರಡು ಗಾಜಿನ ಬಾಟಲಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸೆಕೆಂಡಿನ ಮುಳ್ಳಿರುವ ಗಡಿಯಾರ ಅಥವಾ ಮೊಬೈಲು, ನೀರಿನ ಉಷ್ಣತೆ ಅಳೆಯುವ ಒಂದು ಥರ್ಮಾಮೀಟರ್, ಪುಸ್ತಕ, ಪೆನ್ಸಿಲ್. ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ.

ಈ ಪಾತ್ರೆಗಳಲ್ಲಿ ಯಾವುದಕ್ಕೂ ಸಾಬೂನಿನ ಸೋಂಕು ಇರಬಾರದು. ಇದನ್ನು ನಾನು ಕೆಟ್ಟ ರೀತಿಯಲ್ಲಿ ಕಲಿತೆ. ಆರಂಭದ ದಿನಗಳಲ್ಲೊಮ್ಮೆ ಮನೆಯಲ್ಲಿ ಬಟ್ಟೆ ನೆನೆಸುವ ಟಬ್ಬನ್ನು ನೀರಿನಿಂದ ಒಮ್ಮೆ ಜಾಲಿಸಿ ಒಯ್ದು, ಹಳ್ಳದಿಂದ ಹಿಡಿದ ಹನ್ನೊಂದು ಹುಳಗಳನ್ನು ಅದರಲ್ಲಿ ಬಿಟ್ಟೆ. ಅವುಗಳಲ್ಲಿ ನಾಲ್ಕು ಹುಳಗಳ ಹೊಟ್ಟೆಯ ಅಡಿ ಮೊದಲು ಬೆಳ್ಳಿಯ ತಗಡಿನಂತೆ ಹೊಳೆಯುತ್ತಿತ್ತು; ನೋಡನೋಡುತ್ತಿದ್ದಂತೆ ಆ ಹೊಳಪು ಅಂಚಿನಿಂದ ಒಳಕ್ಕೆ ಅಳಿಸಿಕೊಂಡು ಹೋಯಿತು, ಹುಳಗಳು ಮೇಲೆ ಬರಲು ಹೆಣಗಿ ತಳದಲ್ಲಿ ಮಗುಚಿ ಬಿದ್ದವು. ಆ ಹೊಳಪು ಅವು ಹೊತ್ತ ಗಾಳಿಯೇ ಆಗಿತ್ತು. ನೀರನ್ನು ಹತ್ತಿರ ಸೇರಿಸದ ಒತ್ತಾದ ಸಣ್ಣ ರೋಮಗಳು ಆ ಗಾಳಿಯನ್ನು ಹಿಡಿದಿಡುತ್ತವೆ. ಸಾಬೂನು ನೀರಿನ ಮೇಲ್ಮೈಯ ಬಿಗಿತವನ್ನು ಸಡಿಲಿಸಿದ ಕೂಡಲೇ ರೋಮ ಒದ್ದೆಯಾಗಿ ಗಾಳಿ ಜಾರಿಹೋಗುತ್ತದೆ. ಸಾಯಂಕಾಲದ ಹೊತ್ತಿಗೆ ಆ ನಾಲ್ಕೂ ಉಳಿಯಲಿಲ್ಲ. ಅಂದಿನಿಂದ ಹುಳದ ಪಾತ್ರೆಗಳನ್ನು ಬೇರೆಯೇ ಇಟ್ಟು, ಬೂದಿಯನ್ನೂ ಹಚ್ಚದೆ ಬರೀ ನೀರಿನಿಂದ ತೊಳೆಯುತ್ತೇನೆ. ಬಟ್ಟೆ ಒಗೆಯುವ ಕಲ್ಲುಗಳ ಬಳಿ ಈ ಹುಳಗಳನ್ನು ಹುಡುಕಬಾರದೆಂಬುದಕ್ಕೂ ಇದೇ ಕಾರಣ.

ಬೆಳಿಗ್ಗೆ ಏಳರ ಸುಮಾರಿಗೆ ದಂಡೆಗೆ ಹೋಗಿ, ಸೂರ್ಯನನ್ನು ಪಕ್ಕಕ್ಕೆ ಹಾಕಿಕೊಂಡು, ನೆರಳು ನೀರಿನ ಮೇಲೆ ಬೀಳದಂತೆ ಕುಳಿತುಕೊಳ್ಳಬೇಕು. ಬಲೆಯನ್ನು ಇನ್ನೂ ಮುಟ್ಟಬಾರದು. ಬಂದ ಕೂಡಲೇ ಕಾಲಿನ ಸಪ್ಪಳಕ್ಕೆ ಎಲ್ಲವೂ ತಳಕ್ಕೆ ಹೋಗಿರುತ್ತವೆ, ಗಾಳಿ ತೀರಿದಂತೆ ಒಂದೊಂದೇ ಮೇಲೆ ಬರತೊಡಗುತ್ತವೆ. ಯಾವುದು ಹೇಗೆ ಬಂದಿತೆಂಬುದನ್ನು ಮೂರು ಗೆರೆಗಳಲ್ಲಿ ಲೆಕ್ಕ ಹಾಕಬೇಕು: ಹಿಂಬದಿಯಿಂದ ಬಂದವು, ತಲೆಯಿಂದ ಬಂದವು, ಮೇಲ್ಮೈಯನ್ನು ಬಿಟ್ಟೇ ಹೋಗದವು. ಈ ಕಾಲು ಗಂಟೆಯ ಲೆಕ್ಕ ಬಲೆ ಹಾಕಿ ಪಡೆದ ಲೆಕ್ಕಕ್ಕಿಂತ ಹೆಚ್ಚು ನಂಬಲರ್ಹವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಬಲೆಗೆ ನಿಧಾನವಾದ ಹುಳ ಸುಲಭವಾಗಿ ಬೀಳುತ್ತದೆ, ಚುರುಕಾದದ್ದು ತಪ್ಪಿಸಿಕೊಳ್ಳುತ್ತದೆ.

ಅನಂತರ ಬಲೆಯನ್ನು ಕಳೆಯ ಬುಡಕ್ಕೆ ಇಳಿಸಿ, ತಳವನ್ನು ಕೆರೆಯದೆ, ಕಳೆಯನ್ನು ತಟ್ಟುವಂತೆ ತನ್ನ ಕಡೆಗೆ ಒಂದು ಮಾರಿನಷ್ಟು ಎಳೆದು, ಕೂಡಲೇ ಹಿಂದಕ್ಕೆ ತಿರುಗಿಸಿ ಅದೇ ದಾರಿಯಲ್ಲಿ ಇನ್ನೊಮ್ಮೆ ಸಾಗಿಸಬೇಕು. ಮೊದಲ ಎಳೆತಕ್ಕೆ ಎದ್ದ ಹುಳ ಎರಡನೆಯದಕ್ಕೆ ಬೀಳುತ್ತದೆ. ಬಲೆಯಲ್ಲಿ ಬಂದುದನ್ನು ಕೆರೆಯ ನೀರೇ ತುಂಬಿದ ಬಿಳಿ ತಟ್ಟೆಗೆ ಮಗುಚಿ, ರಾಡಿ ಕೂರುವವರೆಗೆ ಕಾಯಬೇಕು. ಮೊದಲು ಬರೀ ಕಸವೆಂದು ಕಂಡ ತಟ್ಟೆಯಲ್ಲಿ ಒಂದೆರಡು ನಿಮಿಷದ ನಂತರ ಕಸದ ಚೂರುಗಳೇ ಈಜಾಡಲು ಆರಂಭಿಸುತ್ತವೆ. ಹುಳವನ್ನು ಬೆರಳಿನಿಂದ ಹಿಡಿಯದೆ ಜರಡಿಯಿಂದ ಎತ್ತಬೇಕು. ದೊಡ್ಡ ಮುಳುಗು ಜೀರುಂಡೆ ಕಚ್ಚಬಲ್ಲದು; ಕೆಣಕಿದರೆ ಕತ್ತಿನ ಹಿಂದಿನಿಂದ ಹಾಲಿನಂಥ ಕೆಟ್ಟ ವಾಸನೆಯ ದ್ರವವನ್ನು ಸ್ರವಿಸುತ್ತದೆ, ಆ ಕೈಯಿಂದ ಕಣ್ಣು ಮುಟ್ಟಬಾರದು. ಪ್ರತಿ ಬಾಟಲಿಗೆ ಒಂದೇ ಹುಳ. ಇವು ಬೇಟೆಗಾರ ಹುಳಗಳು, ಜೊತೆಗಿಟ್ಟ ಚಿಕ್ಕದನ್ನು ದೊಡ್ಡದು ತಿನ್ನದೆ ಬಿಡುವುದಿಲ್ಲ.

ಈಗ ಮುಖ್ಯವಾದ ಕೆಲಸ. ಬಾಟಲಿಯ ಮುಕ್ಕಾಲು ಭಾಗಕ್ಕೆ ಕೆರೆಯ ನೀರು ತುಂಬಿ, ಕಳೆಯ ಒಂದು ಎಳೆಯನ್ನು ಇಳಿಬಿಟ್ಟು, ಹುಳವನ್ನು ಬಿಟ್ಟು, ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ನೆರಳಿನಲ್ಲಿ ಇಡಬೇಕು. ಮುಳುಗು ಜೀರುಂಡೆಯಾದರೆ ಅದು ಮೊದಲು ಗಾಬರಿಯಿಂದ ಸುತ್ತುತ್ತದೆ. ಆಗ ಹಿಂಗಾಲುಗಳನ್ನು ನೋಡಬೇಕು. ಅಂಚಿಗೆ ರೋಮದ ಸಾಲಿರುವ ಚಪ್ಪಟೆಯಾದ ಆ ಎರಡೂ ಕಾಲುಗಳು ದೋಣಿಯ ಹುಟ್ಟುಗಳಂತೆ ಒಟ್ಟಿಗೇ ಹಿಂದಕ್ಕೆ ಹೋಗುತ್ತವೆ, ಒಟ್ಟಿಗೇ ಮುಂದಕ್ಕೆ ಬರುತ್ತವೆ. ಆಮೇಲೆ ಅದು ಕಳೆಯ ಎಳೆಯನ್ನು ನಡುಗಾಲುಗಳಿಂದ ಹಿಡಿದು ಸುಮ್ಮನಾಗುತ್ತದೆ. ಹಿಡಿತ ಬಿಟ್ಟರೆ ಒಳಗಿನ ಗಾಳಿಯ ಬಲದಿಂದ ಮೇಲಕ್ಕೆ ತೇಲುತ್ತದೆ, ಏಕೆಂದರೆ ತುಂಬಿದ ಗಾಳಿ ಅದನ್ನು ನೀರಿಗಿಂತ ಹಗುರ ಮಾಡಿದೆ. ಹೀಗೆ ತೇಲುವಾಗ ಮೈ ಓರೆಯಾಗಿ, ಹಿಂಬದಿ ಮೇಲೆ, ತಲೆ ಕೆಳಗೆ ಆಗುತ್ತದೆ. ತುದಿ ಮೇಲ್ಮೈಯನ್ನು ತಾಗಿದ ಕ್ಷಣ ಅಲ್ಲಿ ನೀರು ಸಣ್ಣ ಗುಳಿಯಂತೆ ತಗ್ಗುವುದು, ಮೇಲ್ರೆಕ್ಕೆಯ ತುದಿ ಕೂದಲೆಳೆಯಷ್ಟು ಸಡಿಲವಾಗುವುದು, ಹೊಟ್ಟೆ ಉಬ್ಬಿ ತಗ್ಗುವುದು ಇವನ್ನೆಲ್ಲ ಬಾಟಲಿಯ ಹೊರಗಿನಿಂದ ಭೂತಗನ್ನಡಿ ಹಿಡಿದು ನೋಡಬಹುದು. ನನ್ನ ಮಟ್ಟಿಗೆ ಈ ಕೆಲಸದಲ್ಲೆಲ್ಲ ಇದಕ್ಕಿಂತ ಚೆಂದದ ನೋಟ ಬೇರೊಂದಿಲ್ಲ.

ಒಮ್ಮೆ ಮೇಲೆ ಬಂದದ್ದರಿಂದ ಮತ್ತೊಮ್ಮೆ ಮೇಲೆ ಬರುವವರೆಗಿನ ಕಾಲವನ್ನು ಅಳೆದು, ಹತ್ತು ಸಲದ ಅಳತೆಯನ್ನು ನೀರಿನ ಉಷ್ಣತೆಯ ಜೊತೆಗೆ ಬರೆಯಬೇಕು. ಇದೇ ಹುಳವನ್ನು ಮಧ್ಯಾಹ್ನ ನೀರು ಕಾದ ಮೇಲೆ ಮತ್ತೆ ಅಳೆದರೆ ಅಂತರ ಗಣನೀಯವಾಗಿ ತಗ್ಗಿರುತ್ತದೆ. ಕಾರಣ ಎರಡು. ಬಿಸಿಯಾದ ನೀರಿನಲ್ಲಿ ಹುಳದ ಮೈಯ ಕೆಲಸ ವೇಗವಾಗಿ ನಡೆದು ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಅದೇ ಹೊತ್ತಿಗೆ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಇರುವ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ನಮ್ಮ ಏಪ್ರಿಲ್ ತಿಂಗಳ ತಗ್ಗಿನ ನೀರು ಮುಟ್ಟಿದರೆ ಉಗುರುಬೆಚ್ಚಗೆ ಹತ್ತುವಾಗ ಹುಳಗಳು ಮೇಲೆ ಕೆಳಗೆ ಓಡಾಡುತ್ತಲೇ ಇರುವುದಕ್ಕೆ ಇದೇ ಕಾರಣ. ಗಡಿಯಾರ ಮತ್ತು ಥರ್ಮಾಮೀಟರ್ ಎರಡರಿಂದಲೇ ಎಂಟನೆಯ ತರಗತಿಯ ಮಕ್ಕಳು ಇದನ್ನು ತಾವೇ ಕಂಡುಕೊಳ್ಳಬಲ್ಲರು.

ಹುಳ ಹಿಂಬದಿಯಿಂದ ಬರದೆ ತಲೆಯಿಂದ ಮೇಲೆದ್ದರೆ ಅದು ಹೈಡ್ರೋಫಿಲಿಡೇ ಕುಟುಂಬದ ಜೀರುಂಡೆ. ನನ್ನ ಟಬ್ಬಿನಲ್ಲಿ ಸತ್ತವು ಇವೇ. ಇದು ಮೈಯನ್ನು ಓರೆ ಮಾಡಿ, ಒಂದು ಕುಡಿಮೀಸೆಯ ಗಂಟಿನಂಥ ತುದಿಯಿಂದ ನೀರಿನ ಮೇಲ್ಮೈಯನ್ನು ಭೇದಿಸಿ, ಆ ದಾರಿಯಿಂದ ಗಾಳಿಯನ್ನು ಹೊಟ್ಟೆಯಡಿಯ ರೋಮಗಳಿಗೆ ಎಳೆದುಕೊಳ್ಳುತ್ತದೆ. ಕೆಳಗಿನಿಂದ ನೋಡಿದರೆ ಹೊಟ್ಟೆ ಬೆಳ್ಳಿಯಂತೆ ಹೊಳೆಯುವುದು ಇದರ ಗುರುತು. ಕಾಲುಗಳು ಒಟ್ಟಿಗೆ ಆಡದೆ ನಡೆಯುವಾಗಿನಂತೆ ಒಂದಾದ ಮೇಲೊಂದು ಆಡುತ್ತವೆ, ಆದ್ದರಿಂದ ಈಜು ತೂರಾಡಿದಂತೆ ಕಾಣುತ್ತದೆ. ಇದರ ದೊಡ್ಡ ಜಾತಿಗಳ ಎದೆಯಡಿಯಲ್ಲಿ ಹಿಂದಕ್ಕೆ ಚಾಚಿದ ಚೂಪಾದ ಮುಳ್ಳಿದ್ದು ಕೈಗೆ ಚುಚ್ಚಬಹುದು. ಇದರ ಸಣ್ಣ ನೆಂಟರಲ್ಲೊಂದು ನೀರಿನ ಮೇಲ್ಮೈಯ ಅಡಿಭಾಗಕ್ಕೆ ಕಾಲುಗಳನ್ನು ಊರಿ, ಹಲ್ಲಿ ಮಾಳಿಗೆಯ ಮೇಲೆ ನಡೆದಂತೆ ತಲೆಕೆಳಗಾಗಿ ನಡೆಯುವುದನ್ನು ಆಸ್ಟ್ರೇಲಿಯಾದಲ್ಲಿ ದಾಖಲಿಸಿ 2021ರಲ್ಲಿ ಪ್ರಕಟಿಸಿದ್ದಾರೆ. ಹೊಟ್ಟೆಯ ಗಾಳಿಯೇ ಅದನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ನಮ್ಮ ಬಾಟಲಿಗಳಲ್ಲಿಯೂ ಕಣ್ಣಿಟ್ಟು ನೋಡತಕ್ಕ ಸಂಗತಿ ಇದು. ಮೇಲ್ಮೈಯಲ್ಲೇ ಗುಂಪಾಗಿ ಗಿರಗಿರನೆ ತಿರುಗುವ ಕಪ್ಪು ಹುಳಗಳು ಜೈರಿನಿಡೇ ಕುಟುಂಬದವು. ಅವುಗಳ ಕಣ್ಣುಗಳು ನೀರಿನ ಮೇಲಕ್ಕೆ ಒಂದು ಜೊತೆ, ಕೆಳಕ್ಕೆ ಒಂದು ಜೊತೆಯಾಗಿ ಬೇರ್ಪಟ್ಟಿವೆ, ಹೆದರಿ ಮುಳುಗಿದಾಗ ಹಿಂಬದಿಯಲ್ಲಿ ಮಣಿಯಂಥ ಗುಳ್ಳೆಯನ್ನು ಎಳೆದುಕೊಂಡು ಹೋಗುತ್ತವೆ.

ಹಿಂಬದಿಯಿಂದ ಮೇಲೆ ಬಂದದ್ದೆಲ್ಲ ಜೀರುಂಡೆ ಎಂದುಕೊಳ್ಳುವ ತಪ್ಪನ್ನು ಇಲ್ಲಿಯೇ ತಡೆಯಬೇಕು. ಅಂಗಾತ ಈಜುವ ನೀರುತಿಗಣೆಯೂ ಹಾಗೆಯೇ ಬರುತ್ತದೆ, ಆದರೆ ಹೊಟ್ಟೆ ಮೇಲಾಗಿ ಬರುತ್ತದೆ. ಭಾರಿ ನೀರುತಿಗಣೆಯೂ ಹಿಂಬದಿಯಿಂದಲೇ ಉಸಿರಾಡುತ್ತದೆ. ಅದು ಕಚ್ಚಿದರೆ ಕೈ ಗಂಟೆಗಟ್ಟಲೆ ಉರಿಯುತ್ತದೆ. ತಿಗಣೆಗಳ ರೆಕ್ಕೆಗಳು ಬೆನ್ನಿನ ಮೇಲೆ ಒಂದರ ಮೇಲೊಂದು ಕವಿದಿರುತ್ತವೆ, ಬಾಯಿ ಸೂಜಿಯಂಥ ಕೊಕ್ಕು. ಜೀರುಂಡೆಯ ಮೇಲ್ರೆಕ್ಕೆಗಳು ನಡುಬೆನ್ನಿನಲ್ಲಿ ಒಂದೇ ನೇರ ಗೆರೆಯಾಗಿ ಕೂಡುತ್ತವೆ, ಬಾಯಲ್ಲಿ ಅಗಿಯುವ ದವಡೆಗಳಿವೆ.

ಉಸಿರಿನಿಂದ ಹೊಳೆದದ್ದನ್ನು ಮೈಯ ಗುರುತಿನಿಂದ ಖಚಿತಪಡಿಸಿಕೊಳ್ಳುವುದು ಮುಂದಿನ ಹೆಜ್ಜೆ. ಮುಳುಗು ಜೀರುಂಡೆಯ ಕುಡಿಮೀಸೆ ಹನ್ನೊಂದು ಗೆಣ್ಣುಗಳ ನವಿರಾದ ದಾರದಂತೆ ಇರುತ್ತದೆ, ತುದಿಯಲ್ಲಿ ಗಂಟಿರುವುದಿಲ್ಲ. ದೊಡ್ಡ ಜಾತಿಗಳಲ್ಲಿ ಗಂಡಿನ ಮುಂಗಾಲಿನ ಪಾದ ಅಗಲವಾದ ತಟ್ಟೆಯಂತಾಗಿ ಅದರ ಅಡಿಯಲ್ಲಿ ಹೀರಿ ಹಿಡಿಯುವ ಪುಟ್ಟ ಬಟ್ಟಲುಗಳಿರುತ್ತವೆ. ಹೆಣ್ಣಿನ ನುಣುಪಾದ ಬೆನ್ನನ್ನು ನೀರಿನೊಳಗೆ ಹಿಡಿಯಲು ಅವು ಬೇಕು. ಗಂಡು ಬಾಟಲಿಯ ಗಾಜಿಗೆ ಅಂಟಿ ನಿಂತಾಗ ಹೊರಗಿನಿಂದಲೇ ಈ ಬಟ್ಟಲುಗಳು ಕಾಣುತ್ತವೆ. ದಕ್ಷಿಣ ಭಾರತದ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವವುಗಳಲ್ಲಿ ಸೈಬಿಸ್ಟರ್ ಎಂಬ ಕುಲದ್ದು ದೊಡ್ಡದು: ಕಡು ಹಸಿರು ಮಿಶ್ರಿತ ಕಪ್ಪು ಬಣ್ಣ, ಎರಡೂ ಅಂಚಿಗೆ ಹಳದಿ ಗೆರೆ, ಎರಡೂವರೆ ಸೆಂಟಿಮೀಟರಿನಷ್ಟು ಉದ್ದ. ಎರೀಟಿಸ್ ಮಾಸಲು ಹಳದಿ ಮೈಮೇಲೆ ಕಪ್ಪು ಚುಕ್ಕೆಯುಳ್ಳದ್ದು, ಕಳೆಯಿಲ್ಲದ ತಾತ್ಕಾಲಿಕ ನೀರಿಗೂ ಬರುತ್ತದೆ. ಹೈಡ್ಯಾಟಿಕಸ್ ಹೆಚ್ಚುಕಡಿಮೆ ಅದೇ ಗಾತ್ರದ್ದು. ಲ್ಯಾಕೋಫಿಲಸ್ ಮೂರರಿಂದ ಐದು ಮಿಲಿಮೀಟರಿನದು, ನೀರಿನಿಂದ ತೆಗೆದು ಒಣ ತಟ್ಟೆಯ ಮೇಲಿಟ್ಟರೆ ಚಿಮ್ಮಿ ಹಾರುತ್ತದೆ. ಪ್ರಭೇದದವರೆಗೆ ಹೋಗುವುದು ತಜ್ಞರ ಕೆಲಸ; ಕುಲದವರೆಗೆ ಬಂದರೆ ನಮಗೆ ಸಾಕು.

ಬಲೆಯಲ್ಲಿ ಉದ್ದನೆಯ ಮೈ, ಚಪ್ಪಟೆ ತಲೆ, ಕುಡುಗೋಲಿನಂಥ ಎರಡು ದವಡೆಯ ಮರಿಹುಳ ಬಂದರೆ ಅದು ಈ ಕುಟುಂಬದ್ದೇ. ಅದೂ ಹಿಂಬದಿಯನ್ನು ಮೇಲೆ ಮಾಡಿ ತಲೆಕೆಳಗಾಗಿ ತೂಗುತ್ತ ಉಸಿರಾಡುತ್ತದೆ. ದೊಡ್ಡ ಜಾತಿಗಳ ಮರಿಯ ದವಡೆಗಳು ಒಳಗೆ ಟೊಳ್ಳು. ಗೊದಮೊಟ್ಟೆಯನ್ನೋ ಸೊಳ್ಳೆಯ ಮರಿಯನ್ನೋ ಚುಚ್ಚಿ, ಜೀರ್ಣರಸವನ್ನು ಅದರೊಳಗೆ ಬಿಟ್ಟು, ಕರಗಿದ್ದನ್ನು ಹೀರುತ್ತದೆ. ಸೊಳ್ಳೆ ಮರಿಗಳಿರುವ ಬಾಟಲಿಗೆ ಇದನ್ನು ಬಿಟ್ಟು ಒಂದು ತಾಸು ನೋಡಿದವರು ಮತ್ತೆ ನೀರಹುಳ ಕಂಡಲ್ಲಿ ಔಷಧಿ ಸಿಂಪಡಿಸುವ ಮಾತಾಡಲಾರರು. ಮೂರು ಹಂತ ಬೆಳೆದ ಮೇಲೆ ಈ ಮರಿ ನೀರನ್ನು ಬಿಟ್ಟು ದಂಡೆಗೆ ಹತ್ತಿ, ಹಸಿ ಮಣ್ಣಿನಲ್ಲಿ ಗೂಡು ಮಾಡಿಕೊಂಡು ಅಲ್ಲಿ ಜೀರುಂಡೆಯಾಗಿ ಮಾರ್ಪಡುತ್ತದೆ. ಹಾಳೆ ಹಾಸಿದ ಹೊಂಡದಲ್ಲಿ ಅದಕ್ಕೆ ಆ ಮಣ್ಣು ಸಿಗುವುದಿಲ್ಲ. ಕಪ್ಪು ಹಾಳೆ, ಕಾರಿನ ಮೇಲ್ಭಾಗದಂಥ ಹೊಳೆಯುವ ಮೈಗಳು ಬೆಳಕನ್ನು ನೀರಿನಂತೆಯೇ ಪ್ರತಿಫಲಿಸುವುದರಿಂದ ಬೆಳೆದ ಹುಳಗಳು ಅಲ್ಲಿಗೆ ಬಂದಿಳಿಯುತ್ತವೆ, ಆದರೆ ಹಾಳೆಯ ಹೊಂಡದಲ್ಲಿ ಅವುಗಳ ಸಂತಾನ ಮುಂದುವರಿಯಲು ದಾರಿಯಿಲ್ಲ. ಹೊಲದಲ್ಲಿ ಎಲ್ಲಿಯಾದರೂ ಒಂದು ಮೂಲೆಯಲ್ಲಿ ಹಾಳೆಯಿಲ್ಲದ, ಇಳಿಜಾರು ದಂಡೆಯ ಸಣ್ಣ ತಗ್ಗನ್ನು ಉಳಿಸಿಕೊಳ್ಳಿರೆಂದು ರೈತ ಬಂಧುಗಳನ್ನು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಮೀನಿನ ಮರಿ ಸಾಕುವವರಿಗೆ ಇವು ಬೇಡವಾಗಿರುವುದೂ ನಿಜ, ಏಕೆಂದರೆ ಸಣ್ಣ ಮೀನಿನ ಮರಿಯನ್ನೂ ಇವು ತಿನ್ನುತ್ತವೆ. ಅಂಥ ಹೊಂಡಕ್ಕೆ ಹಿಡಿದ ಹುಳವನ್ನು ಬಿಡಬಾರದು.

ಹಗಲಿನಲ್ಲಿ ಸಿಗದ ದೊಡ್ಡ ಹುಳಗಳಿಗಾಗಿ ಬಾಟಲಿ ಬೋನನ್ನು ಉಪಯೋಗಿಸಬಹುದು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕತ್ತನ್ನು ಕತ್ತರಿಸಿ, ಅದನ್ನು ಲಾಳಿಕೆಯಂತೆ ಒಳಮುಖವಾಗಿ ಸೇರಿಸಿ, ಒಳಗೆ ಕೋಳಿಯ ಈಲಿಯ ಒಂದು ಚೂರು ಇಟ್ಟು ಸಂಜೆ ಕಳೆಯ ನಡುವೆ ಇಡುವುದು. ಬಾಟಲಿಯನ್ನು ಪೂರ್ತಿ ಮುಳುಗಿಸಲೇಬಾರದು. ಓರೆಯಾಗಿ ಕೋಲಿಗೆ ಕಟ್ಟಿ, ಮೇಲಿನ ತುದಿಯಲ್ಲಿ ಮೂರು ಬೆರಳಿನಷ್ಟು ಗಾಳಿ ಉಳಿಯುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಬೆಳಿಗ್ಗೆ ಸಿಗುವುದು ಉಸಿರುಕಟ್ಟಿ ಸತ್ತ ಹುಳ ಮತ್ತು ಕಪ್ಪೆಗಳು. ರಾತ್ರಿ ಮಳೆ ಬಂದು ನೀರು ಏರುವ ಸೂಚನೆಯಿದ್ದರೆ ಬೋನನ್ನು ಇಡದಿರುವುದೇ ಲೇಸು. ಸೂರ್ಯ ಮೇಲೇರುವ ಮುನ್ನ ಎಲ್ಲ ಬೋನುಗಳನ್ನೂ ಎಣಿಸಿ ತೆಗೆಯಬೇಕು.

ಪುಸ್ತಕದಲ್ಲಿ ದಿನಾಂಕ, ಊರು, ನೀರಿನ ಬಗೆ, ಆಳ, ಉಷ್ಣತೆ, ಉಸಿರಿನ ಅಂತರ, ಕಾಲಾಡಿಸುವ ರೀತಿ ಇವನ್ನು ಅಲ್ಲಿಯೇ ಬರೆಯಬೇಕು. ಮನೆಗೆ ಹೋಗಿ ಬರೆಯುತ್ತೇನೆಂದರೆ ಎರಡು ಹುಳಗಳ ಕಥೆ ಒಂದಾಗಿಬಿಡುತ್ತದೆ. ಬೆನ್ನು, ಹೊಟ್ಟೆ, ಪಕ್ಕ ಮೂರೂ ಕಾಣುವಂತೆ ಚಿತ್ರ ತೆಗೆದು ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಸೇರಿಸಿದರೆ ಬಲ್ಲವರು ಗುರುತಿಸಲು ನೆರವಾಗುತ್ತಾರೆ. ಶಾಲೆಗೆ ಒಯ್ಯಬೇಕಿದ್ದರೆ ನೀರು ತುಂಬಿದ ಡಬ್ಬಿಗಿಂತ ಒದ್ದೆ ಕಳೆ ತುಂಬಿದ ಡಬ್ಬಿ ಮೇಲು, ಏಕೆಂದರೆ ಬಸ್ಸಿನ ಕುಲುಕಾಟದಲ್ಲಿ ನೀರಿನ ಮೇಲ್ಮೈಯನ್ನು ಹುಡುಕಿ ಹುಡುಕಿ ಹುಳ ದಣಿಯುತ್ತದೆ, ಒದ್ದೆ ಕಳೆಯಲ್ಲಾದರೆ ಅದಕ್ಕೆ ಸುತ್ತಲೂ ಗಾಳಿಯಿರುತ್ತದೆ. ಅದೇ ದಿನ ಸಂಜೆಯೊಳಗೆ ಹಿಡಿದ ನೀರಿಗೇ ಮರಳಿಸಬೇಕು.

ಬಿಡುವಾಗ ಬಾಟಲಿಯನ್ನು ನೀರಿನೊಳಗೆ ಓರೆಯಾಗಿ ಇಳಿಸಿ, ಹುಳ ತಾನಾಗಿ ಕಳೆಯತ್ತ ಈಜಿಹೋಗಲು ಬಿಡಬೇಕು. ಡಬ್ಬಿಯಲ್ಲಿ ಬೆನ್ನು ಒಣಗಿದ ಹುಳ ಕೂಡಲೇ ಮುಳುಗಲಾರದೆ ಬೆಂಡಿನಂತೆ ತೇಲುತ್ತ ಕಾಲು ಬಡಿಯುತ್ತದೆ, ಆಗ ಬೆರಳಿನಿಂದ ನೀರನ್ನು ಅದರ ಮೇಲೆ ಚಿಮುಕಿಸಿದರೆ ಮೈ ನೆನೆದು ಒಳಕ್ಕೆ ಇಳಿಯುತ್ತದೆ. ಅಲ್ಲಿಂದ ಕೂಡಲೇ ಎದ್ದು ಬರಬಾರದು. ಗಡಿಯಾರವನ್ನು ಹಿಡಿದು ಕುಳಿತು, ಕಳೆಯ ನಡುವೆ ಅದರ ಹಿಂಬದಿಯ ತುದಿ ಒಮ್ಮೆ ಮೇಲ್ಮೈಗೆ ತಾಗಿದ್ದನ್ನು ಕಂಡು, ಆ ಅಂತರವನ್ನೂ ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಬಲೆಯನ್ನು ಒಣಗಿಸಿಕೊಂಡು ಹೊರಡಬೇಕು.